ಹಾಳೆಯ ಹಿಂಬದಿ

ಕಂಡಕ್ಟರು ಅವಳ ಆಧಾರ್ ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು ಫೋಟೋ ನೋಡಿದ, ಮುಖ ನೋಡಿದ, ಮತ್ತೆ ಫೋಟೋ ನೋಡಿ, ‘ಇದು ನೀವೇನಾ ಮೇಡಂ?’ ಎಂದ. ಹಿಂದಿನ ಸೀಟಿನಲ್ಲಿ ಯಾರೋ ಕಿಸಕ್ಕೆಂದರು. ಹೇಮಾಶ್ರೀಗೆ ಮೈಯೆಲ್ಲ ಉರಿದುಹೋಯಿತು. ನಾನಲ್ಲದೆ ನಿಮ್ಮಪ್ಪನಾ ಎಂಬ ಮಾತು ನಾಲಿಗೆಯ ತುದಿಗೆ ಬಂದಿದ್ದನ್ನು ನುಂಗಿಕೊಂಡು ‘ಹೌದು’ ಎಂದಳು. ಅವನು ಸೊನ್ನೆ ರೂಪಾಯಿಯ ಟಿಕೆಟ್ಟು ಹರಿದು ಅವಳ ತೊಡೆಯ ಮೇಲಿದ್ದ ಬಟ್ಟೆಚೀಲದ ಮೇಲೆ ಬಿಸಾಕಿ ಮುಂದಕ್ಕೆ ಹೋದ. ಪುಕ್ಕಟೆ ಹೋಗುವವರ ಕೈಗೆ ಕೊಡಬೇಕೆಂಬ ನಿಯಮವಿಲ್ಲವೇನೋ. ಅರಸೀಕೆರೆ ದಾಟುವ ಹೊತ್ತಿಗೆ ಅವಳು ಕಂಡಕ್ಟರನ್ನು, ಕಿಸಕ್ಕೆಂದವರನ್ನು, ಪಕ್ಕದಲ್ಲಿ ಕೂತು ಕಡಲೆಕಾಯಿ ಸಿಪ್ಪೆಯನ್ನು ಇವಳ ಚಪ್ಪಲಿಯ ಮೇಲೇ ಉದುರಿಸುತ್ತಿದ್ದ ಹೆಂಗಸನ್ನು, ಎಲ್ಲರನ್ನೂ ಮನಸ್ಸಿನಲ್ಲೇ ಬೈದು ಮುಗಿಸಿದ್ದಳು. ಚೀಲವನ್ನು ಹೊಟ್ಟೆಗೆ ಒತ್ತಿಕೊಂಡಳು. ಅದರಲ್ಲಿ ಅರವತ್ತೊಂದು ಚಿತ್ರಗಳಿದ್ದವು. ಹದಿನೈದು ದಿನದಲ್ಲಿ ವಾಪಸು ಕೊಡುತ್ತೇನೆಂದು ಹಳೇಬೀಡಿನ ಡ್ರಾಯಿಂಗ್ ಮೇಷ್ಟ್ರು ಗಂಗಾಧರಯ್ಯನವರ ಮನೆಯಿಂದ ಅವನ್ನು ತಂದು ಐದು ವರ್ಷವಾಗಿತ್ತು.

ಹನ್ನೆರಡು ವರ್ಷದಿಂದ ಅವಳು ಅರಸೀಕೆರೆಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಲೋಕದಲ್ಲಿ ಎಲ್ಲಾದರೂ ಅತಿಥಿಯನ್ನು ಹನ್ನೆರಡು ವರ್ಷ ಬಾಗಿಲ ಹೊರಗೆ ನಿಲ್ಲಿಸಿದ್ದುಂಟೇ ಎಂದು ಅವಳು ಸ್ಟಾಫ್ ರೂಮಿನಲ್ಲಿ ತಮಾಷೆ ಮಾಡುವುದಿತ್ತು; ಯಾರೂ ನಗುತ್ತಿರಲಿಲ್ಲ, ಯಾಕೆಂದರೆ ನಗಬೇಕಾದವರೆಲ್ಲ ಕಾಯಂ ಆದವರು. ಈ ಸಲ ಪಿಎಚ್.ಡಿ. ಇಲ್ಲದವರ ಹೆಸರು ಮರುನೇಮಕದ ಪಟ್ಟಿಯಿಂದ ಬಿಟ್ಟುಹೋಗುತ್ತದೆ. ಪಟ್ಟಿ ಶನಿವಾರ ಮುಗಿಯುತ್ತದೆ. ಹಳೇಬೀಡಿನ ವಿಗ್ರಹಗಳ ಆಭರಣದ ಮೇಲಿನ ಅವಳ ಪ್ರಬಂಧ ಒಪ್ಪಿತವಾಗಿ, ಮೌಖಿಕ ಪರೀಕ್ಷೆಯೂ ಆಗಿ, ಶಾಲು ಹೊದಿಸಿಕೊಂಡು ಫೋಟೋ ತೆಗೆಸಿಕೊಂಡಿದ್ದೂ ಆಗಿತ್ತು. ಇನ್ನು ಸರ್ಟಿಫಿಕೇಟು ಕೈಗೆ ಬರುವುದಕ್ಕೆ ಪ್ರಬಂಧವನ್ನು ವಿಶ್ವವಿದ್ಯಾಲಯದ ವೆಬ್‌ಸೈಟಿಗೆ ಏರಿಸಿ ಗ್ರಂಥಾಲಯದವರು ಒಂದು ಚೀಟಿ ಕೊಡಬೇಕಿತ್ತು, ಅಷ್ಟೆ. ಆಗ ಫೋನು ಮಾಡಿದವನು ಗ್ರಂಥಾಲಯದ ಮಹಾಂತೇಶ್. ಅವಳಿಗಿಂತ ಹತ್ತು ವರ್ಷ ಚಿಕ್ಕವನಿರಬೇಕು. ದನಿಯಲ್ಲಿ ಅಷ್ಟೊಂದು ಮರ್ಯಾದೆ. ‘ಮೇಡಂ, ಮೂರನೇ ಅಧ್ಯಾಯದಲ್ಲಿ ಅರವತ್ತೊಂದು ರೇಖಾಚಿತ್ರ ಇದಾವೆ. ಮೂವತ್ತೇಳನೇ ಚಿತ್ರದಲ್ಲಿ ಹೂವಿನ ಎಸಳಿನ ಒಳಗೆ ಸಣ್ಣದಾಗಿ ಗಂ ಅಂತಿದೆ. ಯಾರದ್ದೋ ಸಹಿ ಥರ ಕಾಣುತ್ತೆ. ಇವೆಲ್ಲ ಬೇರೆಯವರು ಬರೆದದ್ದಾ?’

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಅವಳು ಆಗ ಗಡಿಬಿಡಿಯಲ್ಲಿ, ‘ಮೇಷ್ಟ್ರು ಅವರೇ ಕೈಯಾರೆ ಕೊಟ್ಟಿದ್ದು ಸಾರ್, ನಾನೇನೂ ಕೇಳದೆ ತಂದಿಲ್ಲ’ ಎಂದುಬಿಟ್ಟಿದ್ದಳು. ಅವನು ಕದ್ದೆ ಎಂದಿರಲೇ ಇಲ್ಲ. ‘ಹಾಳೆ ಕೊಟ್ಟಿದಾರೆ ಮೇಡಂ. ಹಕ್ಕು ಕೊಟ್ಟಿದಾರಾ? ಬರಹದಲ್ಲಿ ಇದೆಯಾ?’ ಎಂದು ಮೆತ್ತಗೆ ಕೇಳಿದ. ಆಮೇಲೆ ಬಿಡಿಸಿ ಹೇಳಿದ: ದೇವಸ್ಥಾನದ ಕಲ್ಲಿನ ಮೇಲೆ ಯಾರ ಹಕ್ಕೂ ಇಲ್ಲ, ಅದಕ್ಕೆ ಎಂಟುನೂರು ವರ್ಷವಾಯಿತು. ಆದರೆ ಕಲ್ಲು ನೋಡಿ ಯಾರು ಗೆರೆ ಎಳೆದರೋ ಆ ಗೆರೆ ಅವರದು. ಪರೀಕ್ಷಕರಿಗೆ ನಾಲ್ಕು ಪ್ರತಿ ಕಳಿಸಿದ್ದು ಬೇರೆ, ಈಗ ಜಗತ್ತೆಲ್ಲ ಇಳಿಸಿಕೊಳ್ಳುವ ಕಡೆ ಹಾಕುವುದು ಬೇರೆ. ಒಂದು ಫಾರಂ ಕಳಿಸುತ್ತೇನೆ, ಸಹಿ ಮಾಡಿಸಿಕೊಂಡು ಬನ್ನಿ. ಅವರು ಒಪ್ಪದಿದ್ದರೆ ಚಿತ್ರ ತೆಗೆದು ಪುಟ ಖಾಲಿ ಬಿಡೋಣ, ಆದರೆ ಅವರನ್ನು ಕೇಳದೆ ಏನನ್ನೂ ಮಾಡುವ ಹಾಗಿಲ್ಲ. ಕೊನೆಯಲ್ಲಿ, ‘ಚಿತ್ರದ ಕೆಳಗೆಲ್ಲ ಆಕರ ಕ್ಷೇತ್ರಕಾರ್ಯ ಅಂತ ಬಿದ್ದಿದೆ. ಟೈಪಿಂಗ್ ಮಿಸ್ಟೇಕು ಇರಬೇಕು, ಅಲ್ವಾ ಮೇಡಂ?’ ಎಂದ. ಅವನು ಹಾಗೆ ತಾನಾಗಿ ಒಂದು ನೆಪ ಹುಡುಕಿ ಅವಳ ಕೈಗಿಟ್ಟದ್ದು, ಬೈದಿದ್ದರೆ ಆಗುತ್ತಿದ್ದುದಕ್ಕಿಂತ ಹೆಚ್ಚು ಅವಮಾನವಾಗಿ ಕಂಡಿತು. ‘ಹೌದು ಸಾರ್, ಟೈಪಿಂಗು’ ಎಂದಳು.

ಟೈಪು ಮಾಡಿದವನು ರೈಲ್ವೆ ಸ್ಟೇಷನ್ ರಸ್ತೆಯ ಉಮೇಶ. ಅವನ ಅಂಗಡಿಯಲ್ಲಿ ಮದುವೆ ಕಾರ್ಡು, ತಿಥಿ ಕಾರ್ಡು, ಪಿಎಚ್.ಡಿ. ಪ್ರಬಂಧ ಎಲ್ಲವೂ ಒಂದೇ ಕಂಪ್ಯೂಟರಿನಲ್ಲಿ ಆಗುತ್ತಿದ್ದವು. ಮೇಷ್ಟ್ರು ಪ್ರತಿ ಹಾಳೆಯ ಅಂಚಿನಲ್ಲೂ ಹೆಸರು, ತಾರೀಕು ಬರೆದಿದ್ದರು. ಪುಟದ ಅಳತೆಗೆ ಕೂರಿಸುವಾಗ ಉಮೇಶ ನಾಲ್ಕೂ ಅಂಚು ಕತ್ತರಿಸಿದ. ಒಂದು ಚಿತ್ರದ ಕೆಳಗೆ ಆಕರ: ಕ್ಷೇತ್ರಕಾರ್ಯ ಎಂದು ಹೊಡೆದು, ‘ಎಲ್ಲದಕ್ಕೂ ಇದನ್ನೇ ಹಾಕ್ಲಾ ಮೇಡಂ?’ ಎಂದು ಕೇಳಿದ್ದ. ಕೇಳಿದ್ದ. ಅದನ್ನು ಮರೆಯಲು ಅವಳು ಎಷ್ಟು ಒದ್ದಾಡಿದರೂ ಅವನು ಹಾಗೆ ಕತ್ತು ತಿರುಗಿಸಿ ಕೇಳಿದ್ದು, ಮೇಜಿನ ಮೇಲೆ ಯಾರದ್ದೋ ಗೃಹಪ್ರವೇಶದ ಕಾರ್ಡಿದ್ದದ್ದು, ತಾನು ಅದನ್ನೇ ನೋಡುತ್ತ ‘ಹ್ಞೂಂ’ ಎಂದದ್ದು, ಇವಿಷ್ಟೂ ಕಣ್ಣಿಗೆ ಕಟ್ಟಿದ ಹಾಗೆ ನಿಂತಿದ್ದವು. ಗೈಡ್ ನಂಜಪ್ಪನವರು ಆ ಅಧ್ಯಾಯವನ್ನು ನೋಡಿ, ‘ಭೇಷ್ ಕಣಮ್ಮಾ, ಕೈ ಚೆನ್ನಾಗಿದೆ’ ಎಂದಾಗಲೂ ಅವಳು ತಲೆ ತಗ್ಗಿಸಿದ್ದಳು. ಅವರು ಅದನ್ನು ವಿನಯ ಎಂದುಕೊಂಡರು. ಈಗ ವಿಷಯ ತಿಳಿದ ಮೇಲೆ ಅದೇ ನಂಜಪ್ಪನವರು, ‘ಚಿತ್ರವೇ ಇಲ್ಲದ ಆಭರಣದ ಪ್ರಬಂಧ ಯಾರಿಗೆ ಬೇಕು? ಹೋಗಿ ಆ ಮುದುಕನ ಕಾಲು ಹಿಡಿ’ ಎಂದು ಫೋನಿಟ್ಟಿದ್ದರು. ಕಾಲು ಹಿಡಿಯಬೇಕಂತೆ. ಜಾವಗಲ್ಲಿನಲ್ಲಿ ಬಸ್ಸು ನಿಂತಾಗ ತೆಂಗಿನಕಾಯಿ ಮೂಟೆ ಹತ್ತಿಸುವವರಿಗೂ ಡ್ರೈವರಿಗೂ ಜಗಳ ಹತ್ತಿಕೊಂಡಿತು. ಯಾವ ಕಡೆಯವರು ಸರಿ ಎಂದು ಗೊತ್ತಿಲ್ಲದಿದ್ದರೂ ಅವಳು ಇಬ್ಬರ ಮೇಲೂ ಸಿಟ್ಟಾದಳು.

ನಿಜ ಹೇಳಬೇಕೆಂದರೆ ಮುದುಕನ ಮೇಲೇ ಅವಳಿಗೆ ಹೆಚ್ಚು ಸಿಟ್ಟಿತ್ತು. ಇಪ್ಪತ್ತು ವರ್ಷ ಭಾನುವಾರ ತಪ್ಪದೆ ದೇವಸ್ಥಾನದ ಗೋಡೆಯ ಮುಂದೆ ಮಣೆ ಹಾಕಿಕೊಂಡು ಕೂತು ಬರೆದವನು ಒಂದು ಪುಸ್ತಕ ಮಾಡಿಕೊಳ್ಳಬಾರದಿತ್ತೇ? ಸ್ಕೂಲಿನಲ್ಲಿ ಉಳಿದ ಹಳೆಯ ಉತ್ತರಪತ್ರಿಕೆಗಳ ಖಾಲಿ ಮಗ್ಗುಲಲ್ಲಿ ಬರೆದು ಬರೆದು ಟ್ರಂಕಿನಲ್ಲಿ ತುಂಬಿಟ್ಟುಕೊಂಡು, ಬಂದವಳ ಮುಂದೆ ಹರಡಿ, ‘ತಗಂಡೋಗವ್ವ, ನಿಂಗೆ ಉಪಯೋಗಕ್ಕೆ ಬಂದ್ರೆ ಸಾಕು’ ಎನ್ನಬೇಕಿತ್ತೇ? ಹಾಗೆ ಹೇಳಿದವರು ಕೊಟ್ಟದ್ದನ್ನು ಕೊಟ್ಟೆ ಎಂದೇ ತಿಳಿಯಬೇಕಲ್ಲವೇ? ಅವಳು ಹಳೇಬೀಡಿಗೆ ಬಂದಾಗಲೆಲ್ಲ ಮೊದಮೊದಲು ಗೋಡೆಯ ಮುಂದೆ ನಿಂತದ್ದು ನಿಜ. ಬಿಸಿಲು, ಶಾಲೆ ಮಕ್ಕಳ ಪ್ರವಾಸದ ಗಲಾಟೆ, ಮೇಲಿನ ಸಾಲಿನ ಕಿವಿ ಕೊರಳು ನೋಡಲು ಕತ್ತು ನೋವು. ಆಮೇಲಾಮೇಲೆ ಅವಳು ಬಸ್ಸಿಳಿದು ನೇರ ಮೇಷ್ಟ್ರ ಜಗಲಿಗೇ ಹೋಗುತ್ತಿದ್ದಳು. ಅಲ್ಲಿ ಎಲ್ಲ ಕಿವಿಗಳೂ ಎಲ್ಲ ಕೊರಳುಗಳೂ ಮೊಣಕಾಲಿನ ಮೇಲೆ ಬಂದು ಕೂರುತ್ತಿದ್ದವು. ಅವರ ಹೆಂಡತಿ ಗುರುಸಿದ್ದಮ್ಮ ಬಿಸಿ ಅಕ್ಕಿರೊಟ್ಟಿಯ ಮೇಲೆ ಹುಚ್ಚೆಳ್ಳು ಚಟ್ನಿ ಸವರಿ ತಟ್ಟೆ ಮುಂದಿಟ್ಟು, ‘ಓದೋ ಹುಡುಗಿ, ಹೊಟ್ಟೆ ತುಂಬ ತಿನ್ನು’ ಎಂದು ಎದುರಿಗೇ ಕೂರುತ್ತಿದ್ದರು. ಗುರುಸಿದ್ದಮ್ಮ ತೀರಿಕೊಂಡು ಮೂರು ವರ್ಷ. ಮಗಳು ಶಿಲ್ಪಾ ಫೋನು ಮಾಡಿ ಹೇಳಿದಾಗ ಹೇಮಾಶ್ರೀ ಉಮೇಶನ ಅಂಗಡಿಯಲ್ಲಿ ಪುಟ ಸಂಖ್ಯೆ ತಿದ್ದಿಸುತ್ತಿದ್ದಳು. ‘ಬರ್ತೀನಿ ಶಿಲ್ಪಾ’ ಎಂದಿದ್ದಳು. ಹೋಗಲಿಲ್ಲ.

ಬಾಗಿಲು ತೆರೆದವಳು ಶಿಲ್ಪಾನೇ. ಹೇಮಾಶ್ರೀಯನ್ನು ಕಾಲಿನಿಂದ ತಲೆಯವರೆಗೆ ನೋಡಿ, ‘ಯಾರು ಬೇಕಾಗಿತ್ತು?’ ಎಂದಳು.

‘ನಾನು ಶಿಲ್ಪಾ, ಹೇಮಾಶ್ರೀ. ಗುರುತು ಸಿಗಲಿಲ್ವಾ?’

‘ಅಪ್ಪಾಜೀ,’ ಶಿಲ್ಪಾ ಒಳಕ್ಕೆ ತಿರುಗಿ ಕೂಗಿದಳು, ‘ಯಾರೋ ಬಂದವ್ರೆ.’

ಮೇಷ್ಟ್ರು ನಡುಮನೆಯಲ್ಲಿ ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಹಣೆಯಲ್ಲಿ ವಿಭೂತಿ, ಮೊದಲಿಗಿಂತ ಕೃಶವಾದ ತೋಳು. ಬೆರಳು ಮಾತ್ರ ನಡುಗುತ್ತಿರಲಿಲ್ಲ. ಅವಳು ಬಗ್ಗಿ ಕಾಲು ಮುಟ್ಟುವಷ್ಟರಲ್ಲಿ ಅವರು ಕಾಲನ್ನು ಪಂಚೆಯೊಳಕ್ಕೆ ಎಳೆದುಕೊಂಡರು. ‘ಏನವ್ವಾ, ಹದಿನೈದು ದಿನ ಆಯ್ತಾ?’ ಎಂದರು. ಅವಳು ಕೆಲಸದ ಒತ್ತಡ, ಕಾಲೇಜು, ಪರೀಕ್ಷೆ ಎಂದು ಏನೇನೋ ತೊದಲಿದಳು. ಯಾರೂ ಕೂರು ಎನ್ನಲಿಲ್ಲ. ಶಿಲ್ಪಾ ಒಳಗೆ ಹೋಗಿ ಬರಿಗೈಯಲ್ಲಿ ವಾಪಸು ಬಂದು ಬಾಗಿಲಿಗೆ ಆತು ನಿಂತಳು. ಈ ಮನೆಯಲ್ಲಿ ಬಳೆ ಮಾರುವವಳಿಗೂ ಒಂದು ಲೋಟ ನೀರು ಕೊಟ್ಟೇ ಮಾತಾಡಿಸುತ್ತಿದ್ದರೆಂದು ಹೇಮಾಶ್ರೀಗೆ ಗೊತ್ತಿತ್ತು. ಬಾಯಿ ಒಣಗಿತ್ತು, ಕೇಳಲು ನಾಚಿಕೆಯಾಯಿತು. ತಾನಾಗಿ ನೆಲದ ಮೇಲೆ ಕೂತು ಚೀಲದಿಂದ ಹಾಳೆಗಳ ಕಟ್ಟು, ಗ್ರಂಥಾಲಯದ ಫಾರಂ, ಫಾರಮ್ಮಿನ ಜೊತೆ ಹಕ್ಕುದಾರರಿಗೆ ತೋರಿಸಲೇಬೇಕೆಂದು ಮಹಾಂತೇಶ್ ಹೇಳಿದ್ದ ಮೂರನೇ ಅಧ್ಯಾಯದ ಜೆರಾಕ್ಸು, ಮೂರನ್ನೂ ಹೊರಗಿಟ್ಟಳು. ಹಾಗೆ ಇಡುವಾಗ ತಲೆಯೆತ್ತಿದವಳಿಗೆ ಗೋಡೆಯ ಮೇಲೆ ಗುರುಸಿದ್ದಮ್ಮನ ಫೋಟೋ ಕಂಡಿತು.

ದೊಡ್ಡದು ಮಾಡಿಸಿದ ಫೋಟೋ, ಪ್ಲಾಸ್ಟಿಕ್ ಹೂವಿನ ಹಾರ. ಎಂದಿನ ನಗು. ಕಿವಿಯಲ್ಲಿ ಬೆಂಡೋಲೆ: ಐದು ಎಸಳು, ಎಸಳಿನ ಸುತ್ತ ಕಾಳಿನಂಥ ಮಣಿ, ನಡುವೆ ಒಂದು ಹರಳು, ಕೆಳಗಿನ ಎಸಳು ಮಾತ್ರ ತುಸು ಉದ್ದ. ಹೇಮಾಶ್ರೀ ಕೂತಲ್ಲಿಂದಲೇ ಕತ್ತು ಚಾಚಿ ನೋಡಿದಳು. ಆ ಐದು ಎಸಳನ್ನು ಅವಳು ಬಲ್ಲಳು. ಕೆಳಗಿನ ಎಸಳು ಉದ್ದವಾಗಿರುವುದರ ಬಗ್ಗೆಯೇ ಅವಳು ಒಂದು ಪುಟ ಬರೆದಿದ್ದಳು. ಚಿತ್ರ ಮೂವತ್ತೇಳು: ಚಾಮರದವಳ ಬಲಗಿವಿಯ ಆಭರಣ, ಹೊಯ್ಸಳರ ಕಾಲದ ಅಪರೂಪದ ಮಾದರಿ, ಇದುವರೆಗೆ ಯಾವ ವಿದ್ವಾಂಸರೂ ಗಮನಿಸದಿದ್ದ ಇದನ್ನು ಪ್ರಸ್ತುತ ಸಂಶೋಧಕಿ ಖುದ್ದಾಗಿ ಗುರುತಿಸಿದ್ದಾಳೆ. ಮೌಖಿಕ ಪರೀಕ್ಷೆಯಲ್ಲಿ ಹೊರಗಿನ ಪರೀಕ್ಷಕರು ಕನ್ನಡಕ ತೆಗೆದು, ‘ಇದೊಂದಕ್ಕೇ ನಿಮಗೆ ಡಿಗ್ರಿ ಕೊಡಬಹುದು’ ಎಂದಿದ್ದರು. ಖುದ್ದಾಗಿ! ಈ ಕಿವಿಯ ಎದುರಿಗೆ ಕೂತು ಎಷ್ಟು ರೊಟ್ಟಿ ತಿಂದಿರಬಹುದು ಅವಳು. ಆಭರಣದ ಮೇಲೆ ಪ್ರಬಂಧ ಬರೆಯುವವಳು ರೊಟ್ಟಿ ಕೊಟ್ಟವಳ ಕಿವಿಯನ್ನು ಒಂದು ದಿನ ನೋಡಿರಲಿಲ್ಲ.

ಮೇಷ್ಟ್ರು ಹಾಳೆ ಎಣಿಸತೊಡಗಿದ್ದರು. ಚಿತ್ರದ ಕಡೆ ನೋಡುತ್ತಲೇ ಇರಲಿಲ್ಲ. ಒಂದೊಂದನ್ನೂ ಮಗುಚಿ, ಹಿಂಬದಿಯನ್ನು ಓದಿ, ಬೋರಲು ಇಡುತ್ತಿದ್ದರು. ಹಿಂಬದಿಯಲ್ಲಿ ಯಾವುದೋ ಕಾಲದ ಹುಡುಗರ ಉತ್ತರ, ಕೆಂಪು ಶಾಯಿಯ ಅಂಕ, ಅವುಗಳ ನಡುವೆ ಜಾಗ ಸಿಕ್ಕಲ್ಲಿ ಪೆನ್ಸಿಲಿನ ಸಣ್ಣ ಅಕ್ಷರ. ಅದನ್ನೂ ಹುಡುಗರ ಗೀಚಾಟವೆಂದೇ ಅವಳು ತಿಳಿದಿದ್ದಳು. ಉಮೇಶನ ಯಂತ್ರಕ್ಕೆ ಹಾಳೆಯ ಮುಂಭಾಗ ಸಾಕಾಗಿತ್ತು.

‘ಮುಂದುಗಡೆ ನಂಗೆ ಗೊತ್ತೈತೆ,’ ಎಂದರು ಮೇಷ್ಟ್ರು. ‘ಹಿಂದುಗಡೆ ನೀನು ನೋಡಿದ್ಯಾ?’

ಅವಳ ಕಣ್ಣು ಇನ್ನೂ ಫೋಟೋದ ಮೇಲೇ ಇತ್ತು. ಅವರು ಒಂದು ಹಾಳೆ ಎತ್ತಿ ಅವಳ ಕಡೆ ಚಾಚಿದರು. ‘ಓದು. ಜೋರಾಗಿ ಓದು. ಕಾಲೇಜ್ನಾಗೆ ಪಾಠ ಮಾಡ್ತೀಯಲ್ಲ.’

ಪೆನ್ಸಿಲಿನ ಅಕ್ಷರ ಮಾಸಿತ್ತು, ಆದರೂ ಓದಲು ಬರುತ್ತಿತ್ತು. ಅವಳು ಓದಿದಳು: ‘ದಕ್ಷಿಣದ ಗೋಡೆ, ಮೂಲೆಯಿಂದ ಒಂಬತ್ತನೆಯ ವಿಗ್ರಹ. ಬಲಗಿವಿ ಒಡೆದುಹೋಗಿದೆ. ಇಲ್ಲಿ ಬರೆದಿರುವ ಓಲೆ ಕಲ್ಲಿನಲ್ಲಿ ಇಲ್ಲ. ನನ್ನ ಮನೆಯವಳದ್ದನ್ನು ನೋಡಿ ಹಾಕಿದ್ದೇನೆ.’

‘ಬಾಣಾವರದ ಅಕ್ಕಸಾಲಿ ಮಾಡಿಕೊಟ್ಟಿದ್ದು, ನಮ್ಮ ಮದುವೆ ವರ್ಸ,’ ಎಂದರು ಮೇಷ್ಟ್ರು. ‘ಒಡೆದೋದ ಕಿವಿ ನೋಡಿ ಮನಸ್ಸು ತಡೀಲಿಲ್ಲ. ಕಲ್ಲಿಗಾದ್ರೂ ಒಂದು ಓಲೆ ಇಡಣ ಅಂತ ಇಟ್ಟೆ. ನಂದೇ ಕೈಚಳಕ ಅಲ್ವಾ, ಅದಕ್ಕೇ ಹೆಸರನ್ನೂ ಎಸಳಿನೊಳಗೇ ಬರೆದೆ. ಆದ್ರೆ ನೋಡಿದೋರು ಮೋಸ ಹೋಗಬಾರದು ಅಂತ ಹಿಂದೆ ಬರೆದಿಟ್ಟೆ. ಮೇಷ್ಟ್ರ ಬುದ್ಧಿ.’ ಅವರು ಜೆರಾಕ್ಸನ್ನು ಎಳೆದುಕೊಂಡು, ಕಣ್ಣಿನ ಹತ್ತಿರ ಹಿಡಿದು, ಮೂವತ್ತೇಳನೆಯ ಚಿತ್ರದ ಮುಂದಿನ ನಾಲ್ಕು ಪುಟಗಳನ್ನು ಸಾವಕಾಶವಾಗಿ ಓದಿದರು. ಅವರು ಓದಿ ಮುಗಿಸುವ ತನಕ ಅವಳು ನೆಲದ ಸಿಮೆಂಟಿನ ಬಿರುಕು ನೋಡುತ್ತ ಕೂತಳು. ಗೋಡೆಯಲ್ಲಿ ಒಂಬತ್ತನೆಯ ವಿಗ್ರಹದ ತನಕ ಹೋಗಿದ್ದರೆ ಸಾಕಿತ್ತು, ಬಸ್ ಸ್ಟ್ಯಾಂಡಿನಿಂದ ಹತ್ತು ನಿಮಿಷದ ದಾರಿ. ‘ನಾಕು ಪುಟ ಬರೆದಿದ್ದೀಯ ನಮ್ಮ ಗುರುಸಿದ್ದಮ್ಮನ ಬೆಂಡೋಲೆ ಮ್ಯಾಲೆ,’ ಎಂದರು ಅವರು. ‘ಎಂಟುನೂರು ವರ್ಸದ್ದು ಅಂತ. ಅವಳು ಇದ್ದಿದ್ರೆ ಸೆರಗು ಬಾಯಿಗಿಟ್ಕಂಡು ನಗಾಡೋಳು. ಇದ್ಯಾರು ಖುದ್ದಾಗಿ ಗುರುತಿಸಿದೋರು? ಕ್ಷೇತ್ರಕಾರ್ಯ ಅಂತೀಯಲ್ಲ, ಯಾರು ಮಾಡಿದ್ದು?’

‘ಅವರು ಮಾಡಿದ್ದು ರೊಟ್ಟಿ ತಿನ್ನೋ ಕಾರ್ಯ,’ ಎಂದಳು ಬಾಗಿಲಿಗೆ ಆತಿದ್ದ ಶಿಲ್ಪಾ. ‘ಸತ್ತಾಗ ಮಣ್ಣಿಗೆ ಬರಕ್ಕೂ ಪುರಸತ್ತಿರಲಿಲ್ಲ.’

ಹೇಮಾಶ್ರೀಗೆ ಆಗ ಬಂದದ್ದು ಪಶ್ಚಾತ್ತಾಪವಲ್ಲ, ಭಯ. ಬೆಳಿಗ್ಗೆಯಿಂದ ಅವಳು ಹೆದರಿದ್ದು ಮುದುಕ ಸಹಿ ಹಾಕದಿದ್ದರೆ ಏನು ಗತಿ ಎಂದು. ಈಗ ಹೆದರಿದ್ದು, ಸಹಿ ಹಾಕಿಬಿಟ್ಟರೆ ಏನು ಗತಿ ಎಂದು. ಚಿತ್ರ ಮೂವತ್ತೇಳು ಮಾಲೀಕನ ಹೆಸರಿನ ಸಮೇತ ಜಗತ್ತಿನ ಮುಂದೆ ಬಂದರೆ, ಯಾವನೋ ಒಬ್ಬ ಕಿವಿ ಹುಡುಕಿಕೊಂಡು ಹಳೇಬೀಡಿಗೆ ಬಂದೇ ಬರುತ್ತಾನೆ. ಬೇಡ ಅನ್ನಿ ಮೇಷ್ಟ್ರೇ, ಬೈಯಿರಿ, ಫಾರಂ ಹರಿದು ಮುಖಕ್ಕೆ ಎಸೆಯಿರಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ಬಾಯಿಬಿಟ್ಟು ಹೇಳಿಯೂ ಬಿಟ್ಟಳು: ‘ನಿಮಗೆ ಇಷ್ಟ ಇಲ್ಲದಿದ್ರೆ ಬೇಡ ಮೇಷ್ಟ್ರೇ. ಬಲವಂತ ಇಲ್ಲ. ಎಲ್ಲ ತೆಗೆಸಿಬಿಡ್ತೀನಿ.’

‘ಯಾಕೆ ತೆಗೆಸ್ತೀಯ?’ ಮೇಷ್ಟ್ರ ಕಣ್ಣು ಚೂಪಾಯಿತು. ‘ಇಪ್ಪತ್ತು ವರ್ಸ ಬಿಸಲಾಗೆ ಕೂತು ಬರೆದಿದ್ದು ಟ್ರಂಕಿನಾಗೆ ಕೊಳೀಲಿ ಅಂತಲಾ? ಶಿಲ್ಪಾ, ಪೆನ್ನು ತಗಂಬಾ.’

ಶಿಲ್ಪಾ ‘ಬ್ಯಾಡ ಅಪ್ಪಾಜಿ, ಈಯಮ್ಮಂಗೆ ಯಾಕೆ ಕೊಡ್ತೀರ’ ಎಂದಳು. ಹೇಮಾಶ್ರೀ ಬದುಕಿನಲ್ಲಿ ಮೊದಲ ಸಲ ಶಿಲ್ಪಾಳ ಪರವಾಗಿದ್ದಳು. ಮೇಷ್ಟ್ರು ಕೇಳಲಿಲ್ಲ. ಫಾರಮ್ಮನ್ನು ಹಲಗೆಯ ಮೇಲಿಟ್ಟುಕೊಂಡು, ಮೇಲಿನಿಂದ ಕೆಳಗಿನವರೆಗೆ ಎರಡು ಸಲ ಓದಿ, ದುಂಡಗೆ ಸಹಿ ಮಾಡಿದರು. ಸಹಿಯ ಕೆಳಗಿನ ಜಾಗದಲ್ಲಿ ಬೋರ್ಡಿನ ಮೇಲೆ ಬರೆಯುವ ಹಾಗೆ ಬಿಡಿಬಿಡಿಯಾಗಿ ಬರೆದರು: ಅರವತ್ತೊಂದು ಚಿತ್ರಗಳನ್ನೂ ಹಾಕಲು ನನ್ನ ಪೂರ್ಣ ಒಪ್ಪಿಗೆ ಇದೆ. ಒಂದನ್ನೂ ಬಿಡಬಾರದು. ಪ್ರತಿಯೊಂದರ ಕೆಳಗೆ ನನ್ನ ಹೆಸರು, ಹಿಂಬದಿಯ ಟಿಪ್ಪಣಿ ಇರತಕ್ಕದ್ದು. ಬರೆದು ಮುಗಿಸಿ, ಶಾಯಿ ಆರಲೆಂದು ಊದಿ, ಕೈಗೆ ಕೊಟ್ಟರು. ಹಾಳೆಗಳನ್ನು ತಮ್ಮ ಕಡೆ ಸರಿಸಿಕೊಂಡರು. ಟಿಪ್ಪಣಿಗಳನ್ನು ಅಲ್ಲೇ ಕೂತು ಫೋನಿನಲ್ಲಿ ಫೋಟೋ ತೆಗೆದುಕೊಳ್ಳಲು ಹೇಳಿದರು. ಅವಳು ಅರವತ್ತೊಂದು ಸಲ ಬಗ್ಗಿ ತೆಗೆದಳು. ಎದ್ದಾಗ ಕಾಲು ಜೋಮು ಹಿಡಿದಿತ್ತು. ಗೋಡೆ ಹಿಡಿದುಕೊಂಡು ನಿಂತಳು. ‘ನೋಡವ್ವ,’ ಎಂದರು ಮೇಷ್ಟ್ರು, ಈಗ ದನಿ ಸ್ವಲ್ಪ ಇಳಿದಿತ್ತು. ‘ನಿನ್ನ ಮ್ಯಾಲೆ ನಂಗೆ ಇನ್ನ ವಿಶ್ವಾಸ ಇಲ್ಲ. ಇನ್ನೊಂದು ಸಲ ಈ ಮನೆಗೆ ಬರಬ್ಯಾಡ. ಆದ್ರೆ ಚಿತ್ರ ಹಾಕು. ಶಿಲ್ಪಾ ಫೋನಿನಾಗೆ ತೆಗೆದು ತೋರಿಸ್ತಾಳೆ, ನಾನು ನೋಡ್ತೀನಿ.’

ಬಸ್ ಸ್ಟ್ಯಾಂಡಿನಲ್ಲಿ ಪ್ರವಾಸಕ್ಕೆ ಬಂದ ಮಕ್ಕಳು ಸಾಲಾಗಿ ನಿಂತು ಚಪ್ಪಾಳೆ ತಟ್ಟುತ್ತ ಲೆಕ್ಕ ಒಪ್ಪಿಸುತ್ತಿದ್ದರು. ಅವಳು ಒಂದು ಬಾಟಲಿ ನೀರು ಕೊಂಡು ಉಸಿರು ತೆಗೆದುಕೊಳ್ಳದೆ ಕುಡಿದಳು. ಮುದುಕನಿಗೆ ಹೊಟ್ಟೆಕಿಚ್ಚು ಎಂದುಕೊಂಡಳು. ಇದು ದಾನವಲ್ಲ, ಹಗೆ. ಒಪ್ಪಿಗೆ ಕೊಟ್ಟು ಕತ್ತು ಕುಯ್ಯುವ ಹಗೆ. ಹಾಗೆ ಅಂದುಕೊಂಡಷ್ಟೂ ಅದು ಸುಳ್ಳೆಂದು ಗೊತ್ತಾಗುತ್ತಿತ್ತು, ಗೊತ್ತಾದಷ್ಟೂ ಮುದುಕನ ಮೇಲಿನ ಸಿಟ್ಟು ಏರುತ್ತಿತ್ತು. ಅವರು ಕೆಟ್ಟವರಾಗಿದ್ದರೆ ಎಷ್ಟು ಸಲೀಸಾಗಿತ್ತು. ಹನ್ನೆರಡು ವರ್ಷ, ಮುಂದಿನ ಬೆಂಚಿನ ಹುಡುಗಿಯರು ತನ್ನನ್ನು ಗೆಸ್ಟ್ ಮಿಸ್ ಎಂದು ಕರೆಯುವುದು, ಶನಿವಾರದ ಪಟ್ಟಿ, ಎಲ್ಲ ಒಟ್ಟಿಗೆ ತಲೆಗೆ ಬಂದವು. ಆಗಲೇ ಫೋನು ಬಂತು. ಮಹಾಂತೇಶ್.

‘ಮೇಡಂ, ಹೋಗಿದ್ರಾ? ಸಹಿ ಸಿಕ್ತಾ?’

ಮಕ್ಕಳ ಚಪ್ಪಾಳೆ ನಿಂತಿತು. ‘ಇಲ್ಲ ಸಾರ್,’ ಎಂದಳು ಹೇಮಾಶ್ರೀ. ತನ್ನ ದನಿ ಇಷ್ಟು ಸಮಾಧಾನವಾಗಿರುವುದು ಅವಳಿಗೇ ಆಶ್ಚರ್ಯವಾಯಿತು. ‘ತುಂಬ ಕೇಳಿಕೊಂಡೆ. ಒಂದು ಚಿತ್ರಾನೂ ಹಾಕಬಾರದು ಅಂದರು.’

‘ಅಯ್ಯೋ. ಬರಹದಲ್ಲಿ ಏನಾದ್ರೂ…’

‘ಇಲ್ಲ. ಪೆನ್ನು ಕೈಯಲ್ಲೂ ಮುಟ್ಟಲಿಲ್ಲ.’

‘ಹೋಗಲಿ ಬಿಡಿ ಮೇಡಂ, ಕೊಡಲ್ಲ ಅಂದವರು ಸಹಿ ಹಾಕ್ತಾರಾ, ನಿಮ್ಮ ಮಾತೇ ಸಾಕು. ಬರೆದದ್ದು ಹಾಗೇ ಇರುತ್ತೆ, ಚಿತ್ರ ಮಾತ್ರ ತೆಗೀತೀವಿ. ಖಾಲಿ ಪುಟದಲ್ಲಿ ಕಾರಣ ಹಾಕಬೇಕು, ಹೆಸರಿನ ಸಮೇತ. ನೋಡಿ, ಓದ್ತೀನಿ: ಹಕ್ಕುದಾರರಾದ ಶ್ರೀ ಗಂಗಾಧರಯ್ಯ, ಹಳೇಬೀಡು, ಇವರು ಅನುಮತಿ ನಿರಾಕರಿಸಿದ ಕಾರಣ ಈ ಚಿತ್ರವನ್ನು ತೆಗೆದುಹಾಕಲಾಗಿದೆ. ಸರಿ ಇದೆಯಾ?’

‘ಸರಿ ಇದೆ.’

‘ಅರವತ್ತೊಂದು ಪುಟದಲ್ಲೂ ಇದೇ ಹಾಕಿಸ್ತೀನಿ. ಇವತ್ತು ಸಂಜೆಯೊಳಗೆ ಏರಿಸಿಬಿಡ್ತೀವಿ, ನಾಳೆ ಚೀಟಿ ತಗೊಳ್ಳಿ.’ ಅವಳಿಗೆ ಸಮಾಧಾನವಾಗಲೆಂದು ಸೇರಿಸಿದ, ‘ಬೇಜಾರು ಮಾಡ್ಕೋಬೇಡಿ ಮೇಡಂ. ಕೆಲವರು ವಯಸ್ಸಾದವರು ಹಾಗೇ. ಕೊಡೋದಕ್ಕೆ ಮನಸ್ಸೇ ಇರಲ್ಲ.’

‘ಹೌದು ಸಾರ್,’ ಎಂದಳು ಹೇಮಾಶ್ರೀ. ‘ಅವರು ಮೊದಲಿಂದಲೂ ಹಾಗೇ.’